ಕಿತ್ತೂರು ಕಥಾವಸ್ತುವಿನ ಚಲನಚಿತ್ರಗಳು ಮತ್ತು ಪ್ರೇಕ್ಷಕರ ಅಭಿಪ್ರಾಯ

ಕಿತ್ತೂರು ಕಥಾವಸ್ತುವಿನ ಚಲನಚಿತ್ರಗಳು ಎಂದರೆ ಬೆಳಗಾವಿ ಜಿಲ್ಲೆಯ ಕಿತ್ತೂರು ಸಂಸ್ಥಾನವು 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಡೆಸಿದ ಯುದ್ಧವನ್ನು, ಹಾಗೂ ಅದರ ಮುಂದುವರಿಕೆಯಾಗಿ ಸಂಗೊಳ್ಳಿ ರಾಯಣ್ಣನು ನಡೆಸಿದ ಬಂಡಾಯವನ್ನು ಆಧರಿಸಿದ ಕನ್ನಡ ಚಿತ್ರಗಳು. ಇವುಗಳಲ್ಲಿ ಬಿ. ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ (1961) ಮತ್ತು ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಹೆಚ್ಚು ಪ್ರಸಿದ್ಧವಾದವು. ಮೊದಲನೆಯದು ಕನ್ನಡದ ಹಳೆಯ ಐತಿಹಾಸಿಕ ಚಿತ್ರಗಳಲ್ಲಿ ಮೇಲ್ಪಂಕ್ತಿಯದೆಂದು ಗಣನೆಗೆ ಬಂದಿದೆ. ಎರಡನೆಯದು ಅದೇ ಕಥೆಯನ್ನು ಐವತ್ತೊಂದು ವರ್ಷಗಳ ಅನಂತರ, ಹೊಸ ಕಾಲದ ಸಾಹಸ ಚಿತ್ರದ ರೀತಿಯಲ್ಲಿ, ರಾಣಿಯ ಬದಲು ಆಕೆಯ ಬಂಟನನ್ನು ನಾಯಕನನ್ನಾಗಿಸಿ ಮತ್ತೆ ಹೇಳಿತು. ಈ ಕಾರಣದಿಂದ ಎರಡೂ ಚಿತ್ರಗಳನ್ನು ಜನರು ಒಟ್ಟಿಗೆ ಇಟ್ಟು ಹೋಲಿಸುತ್ತಾರೆ. ಕಿತ್ತೂರು, ಬೈಲಹೊಂಗಲ, ಖಾನಾಪುರ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ, ಅಂದರೆ ಕಥೆ ನಡೆದ ನೆಲದಲ್ಲಿಯೂ ಅದರ ನೆರೆಯಲ್ಲಿಯೂ, ಈ ಹೋಲಿಕೆಯು ನಟನೆ ಮತ್ತು ತಂತ್ರಗಳ ಚರ್ಚೆಗೆ ಮುಗಿಯದೆ ಇತಿಹಾಸದ ಚರ್ಚೆಯೂ ಆಗುತ್ತದೆ.

ಇತಿಹಾಸದ ಹಿನ್ನೆಲೆ

ಕಿತ್ತೂರಿನ ದೇಸಾಯಿ ಮನೆತನದ ಮಲ್ಲಸರ್ಜನು 1816ರಲ್ಲಿ ತೀರಿಕೊಂಡನು. ಅವನಿಗೆ ರುದ್ರಮ್ಮ ಮತ್ತು ಚೆನ್ನಮ್ಮ ಎಂಬ ಇಬ್ಬರು ರಾಣಿಯರಿದ್ದರು. ಚೆನ್ನಮ್ಮನು ಬೆಳಗಾವಿಗೆ ಸಮೀಪದ ಕಾಕತಿಯವಳು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೆ ಕಿತ್ತೂರು ಸಂಸ್ಥಾನವು ಕಂಪನಿಯ ಮೇಲಾಧಿಪತ್ಯವನ್ನು ಒಪ್ಪಿಕೊಂಡು ವಾರ್ಷಿಕ ಕಾಣಿಕೆಯನ್ನು ಸಲ್ಲಿಸುತ್ತ ಮುಂದುವರಿಯಿತು. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮರಣಹೊಂದಿದನು. ಆಗ ಮಾಸ್ತಮರಡಿಯ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಳ್ಳಲಾಯಿತು. ಧಾರವಾಡದ ಕಲೆಕ್ಟರನೂ ರಾಜಕೀಯ ಪ್ರತಿನಿಧಿಯೂ ಆಗಿದ್ದ ಥ್ಯಾಕರೆಯು ಈ ದತ್ತಕವನ್ನು ಮಾನ್ಯ ಮಾಡಲಿಲ್ಲ. ಸಂಸ್ಥಾನದ ಬೊಕ್ಕಸಕ್ಕೆ ತನ್ನ ಕಾವಲನ್ನು ಹಾಕಲು ಮುಂದಾದನು.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಅವನನ್ನು ಗುಂಡಿಟ್ಟು ಕೆಡವಿದವನು ಅಮಟೂರಿನ ಬಾಳಪ್ಪನೆಂದು ಜನರು ಇಂದಿಗೂ ಹೇಳುತ್ತಾರೆ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಸೆರೆಯಾದರು. ಬಳಿಕ ಅವರನ್ನು ಬಿಡುಗಡೆ ಮಾಡಲಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯು ದೊಡ್ಡ ಸೈನ್ಯದೊಡನೆ ಮತ್ತೆ ಮುತ್ತಿಗೆ ಹಾಕಿ ಕೋಟೆಯನ್ನು ವಶಪಡಿಸಿಕೊಂಡಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಡಲಾಯಿತು. ಅಲ್ಲಿಯೇ ಆಕೆಯು 1829ರ ಫೆಬ್ರವರಿಯಲ್ಲಿ ನಿಧನಳಾದಳು. ಆಕೆಯ ಸಮಾಧಿಯು ಬೈಲಹೊಂಗಲದಲ್ಲಿದೆ.

ಕಿತ್ತೂರಿನ ಪಡೆಯಲ್ಲಿದ್ದ ಸಂಗೊಳ್ಳಿಯ ರಾಯಣ್ಣನು ದತ್ತಕಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರುವ ಉದ್ದೇಶದಿಂದ ಜನರನ್ನು ಕೂಡಿಸಿ ಅಡವಿಗಳಲ್ಲಿ ನೆಲೆಸಿ, ಕಂಪನಿಯ ಕಚೇರಿಗಳ ಮೇಲೆ ದಾಳಿ ನಡೆಸಿದನು. ಬೀಡಿಯ ಕಚೇರಿಗೆ ಬೆಂಕಿಯಿಟ್ಟ ಪ್ರಸಂಗವು ಇವುಗಳಲ್ಲಿ ಹೆಸರಾದುದು. 1830ರಲ್ಲಿ ತನ್ನ ಸೀಮೆಯವರೇ ಆದ ಕೆಲವರ ಮೋಸದಿಂದ ಅವನು ಸೆರೆಸಿಕ್ಕನು. 1831ರ ಜನವರಿ 26ರಂದು ಅವನನ್ನು ಖಾನಾಪುರ ತಾಲ್ಲೂಕಿನ ನಂದಗಡದ ಬಳಿ ಗಲ್ಲಿಗೇರಿಸಲಾಯಿತು.

ಚಲನಚಿತ್ರಕ್ಕೆ ಮೊದಲಿನ ನಿರೂಪಣೆಗಳು

ಸಿನೆಮಾ ಬರುವುದಕ್ಕೆ ಎಷ್ಟೋ ಮೊದಲೇ ಈ ಕಥೆಯು ಜನರ ಬಾಯಲ್ಲಿತ್ತು. ಜೆ. ಎಫ್. ಫ್ಲೀಟ್ ಅವರು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯದ ಲಾವಣಿಯೂ ಇದೆ. ಹಲಗಲಿಯ ಬೇಡರ ದಂಗೆ ಮತ್ತು ಬೈಲಹೊಂಗಲದ ಸಂಗ್ಯಾನ ಕೊಲೆಯನ್ನು ಕುರಿತ ಲಾವಣಿಗಳೂ ಅದೇ ಸಂಗ್ರಹಕ್ಕೆ ಸೇರಿದವು. ರಾಯಣ್ಣನು ಗಲ್ಲಿಗೇರಿದ ಅರ್ಧ ಶತಮಾನದ ಮೇಲೆ, ಅವನನ್ನು ಕೊಂದ ಸರ್ಕಾರದ ಅಧಿಕಾರಿಯೊಬ್ಬರೇ ಅವನ ಹಾಡನ್ನು ಅಚ್ಚಿಗೆ ಕೊಟ್ಟರೆಂಬುದು ಗಮನಾರ್ಹ. ಆ ಹಾಡು ಅಷ್ಟು ವ್ಯಾಪಕವಾಗಿ ಹಬ್ಬಿತ್ತೆಂಬುದಕ್ಕೂ ಇದು ಸಾಕ್ಷಿ.

ಡಪ್ಪು, ತುಂತುಣಿಗಳೊಡನೆ ಹಾಡುವ ಗೀಗೀ ಮೇಳಗಳು, ಬಯಲಾಟಗಳು ಮತ್ತು ವೃತ್ತಿನಾಟಕ ಕಂಪನಿಗಳು ಈ ಸೀಮೆಯ ಪ್ರೇಕ್ಷಕರನ್ನು ರೂಪಿಸಿದವು. ಸ್ತ್ರೀಪಾತ್ರಗಳಿಂದ ಹೆಸರಾದ, ಮುಂದೆ ಸ್ವಂತ ನಾಟಕ ಕಂಪನಿಯನ್ನು ನಡೆಸಿದ ಏಣಗಿ ಬಾಳಪ್ಪನವರು (1914–2017) ಸವದತ್ತಿ ತಾಲ್ಲೂಕಿನ ಏಣಗಿಯವರು. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕಥೆ ಬೈಲಹೊಂಗಲದ್ದು. ಇಂಥ ಆಟಗಳಿಗೆ ಬರುವವರಿಗೆ ಕಥೆಯ ಕೊನೆ ಮೊದಲೇ ಗೊತ್ತಿರುತ್ತದೆ. ಸಂಗ್ಯಾ ಸಾಯುತ್ತಾನೆಂದು ತಿಳಿದೇ ಜನರು ರಾತ್ರಿಯಿಡೀ ಕುಳಿತು ನೋಡುತ್ತಾರೆ. ಈ ಸಲದ ಮೇಳದವರು ಹೇಗೆ ಆಡಿದರು, ಯಾವ ಮಾತನ್ನು ಬಿಟ್ಟರು, ಯಾವುದನ್ನು ಸೇರಿಸಿದರು ಎಂಬುದೇ ಮರುದಿನದ ಚರ್ಚೆ. ಕಿತ್ತೂರಿನ ಚಿತ್ರಗಳನ್ನು ಈ ಭಾಗದ ಪ್ರೇಕ್ಷಕರು ನೋಡುವ ರೀತಿಗೂ ಇದೇ ರೂಢಿಯು ತಳಹದಿ.

ಕಿತ್ತೂರು ಚೆನ್ನಮ್ಮ (1961)

ಪದ್ಮಿನಿ ಪಿಕ್ಚರ್ಸ್ ಲಾಂಛನದಲ್ಲಿ ಬಿ. ಆರ್. ಪಂತುಲು ನಿರ್ಮಿಸಿ ನಿರ್ದೇಶಿಸಿದ ಈ ಚಿತ್ರವು ಕಪ್ಪು-ಬಿಳುಪಿನದು. ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜಕುಮಾರ್, ರುದ್ರಮ್ಮನಾಗಿ ಎಂ. ವಿ. ರಾಜಮ್ಮ ಅಭಿನಯಿಸಿದರು. ಟಿ. ಜಿ. ಲಿಂಗಪ್ಪನವರ ಸಂಗೀತವಿದ್ದ ಚಿತ್ರದಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಹಾಡಾಗಿ ಬಳಸಿಕೊಳ್ಳಲಾಗಿದೆ. ಅದನ್ನು ಹಾಡಿದವರು ಪಿ. ಸುಶೀಲ. 9ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡ ವಿಭಾಗದ ಗೌರವವು ಈ ಚಿತ್ರಕ್ಕೆ ಸಂದಿತು.

ಪಂತುಲು ಅವರು ಇದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಶಿವಾಜಿ ಗಣೇಶನ್ ಅಭಿನಯದ ‘ವೀರಪಾಂಡಿಯ ಕಟ್ಟಬೊಮ್ಮನ್’ ಎಂಬ ತಮಿಳು ಚಿತ್ರವನ್ನು ನಿರ್ದೇಶಿಸಿದ್ದರು. ಕಂಪನಿಗೆ ಕಪ್ಪ ಸಲ್ಲಿಸಲು ನಿರಾಕರಿಸಿ 1799ರಲ್ಲಿ ಗಲ್ಲಿಗೇರಿದ ಪಾಳೆಯಗಾರನ ಕಥೆ ಅದು. ಕಪ್ಪ ಕೇಳಲು ಬಂದ ಆಂಗ್ಲ ಅಧಿಕಾರಿಗೆ ಕಟ್ಟಬೊಮ್ಮನ್ ಕೊಡುವ ಉತ್ತರವು ತಮಿಳುನಾಡಿನಲ್ಲಿ ಮನೆಮಾತಾಯಿತು. ಕನ್ನಡದಲ್ಲಿ ಅದೇ ಸ್ಥಾನವನ್ನು ಪಡೆದುದು ಸರೋಜಾದೇವಿಯವರ ಬಾಯಲ್ಲಿ ಬಂದ, ಕಪ್ಪವನ್ನೇಕೆ ಕೊಡಬೇಕೆಂದು ಕೇಳುವ ಚೆನ್ನಮ್ಮನ ಮಾತು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ವೇಷಭೂಷಣ ಸ್ಪರ್ಧೆಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಹುಡುಗಿಯರು ಹಣೆಗೆ ವಿಭೂತಿ ಧರಿಸಿ ಕೈಯಲ್ಲಿ ರಟ್ಟಿನ ಕತ್ತಿ ಹಿಡಿದು ಆ ಮಾತನ್ನು ಹೇಳುವುದು ಇಂದಿಗೂ ಕಾಣುವ ದೃಶ್ಯ. 2025ರ ಜುಲೈ 14ರಂದು ಸರೋಜಾದೇವಿಯವರು ನಿಧನರಾದಾಗ ಬಂದ ಸ್ಮರಣಲೇಖನಗಳಲ್ಲಿಯೂ ಈ ಪಾತ್ರವನ್ನು ವಿಶೇಷವಾಗಿ ನೆನೆಯಲಾಯಿತು.

ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ (2012)

ರಾಯಣ್ಣನನ್ನೇ ಕುರಿತ ಕನ್ನಡ ಚಿತ್ರವೊಂದು 1967ರಲ್ಲಿ ಬಂದಿತ್ತು. ಆದರೆ ಅವನ ಕಥೆಯನ್ನು ದೊಡ್ಡ ಪ್ರಮಾಣದಲ್ಲಿ ತೆರೆಗೆ ತಂದುದು 2012ರ ಚಿತ್ರ. ಆನಂದ್ ಅಪ್ಪುಗೋಳ್ ನಿರ್ಮಾಣದ, ನಾಗಣ್ಣ ನಿರ್ದೇಶನದ ಈ ಚಿತ್ರವು 2012ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ ಬಿಡುಗಡೆಯಾಯಿತು. ಚಿತ್ರಕಥೆ ಮತ್ತು ಸಂಭಾಷಣೆ ಕೇಶವಾದಿತ್ಯ ಅವರದು. ರಾಯಣ್ಣನಾಗಿ ದರ್ಶನ್, ಚೆನ್ನಮ್ಮನಾಗಿ ಜಯಪ್ರದಾ, ರಾಯಣ್ಣನ ತಾಯಿಯಾಗಿ ಉಮಾಶ್ರೀ, ಚೆನ್ನಬಸವನಾಗಿ ಶಶಿಕುಮಾರ್, ಮಲ್ಲಮ್ಮನಾಗಿ ನಿಖಿತಾ ಅಭಿನಯಿಸಿದರು. ಸುಮಾರು 30 ಕೋಟಿ ರೂಪಾಯಿ ವೆಚ್ಚವಾಯಿತೆಂದು ವರದಿಯಾದ ಈ ಚಿತ್ರವು ಅಲ್ಲಿಯವರೆಗಿನ ದುಬಾರಿ ಕನ್ನಡ ಚಿತ್ರಗಳಲ್ಲಿ ಒಂದಾಗಿತ್ತು. ಈ ಪಾತ್ರಕ್ಕಾಗಿ ದರ್ಶನ್ ಅವರಿಗೆ 2012ನೆಯ ಸಾಲಿನ ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು.

ರೀಮೇಕ್ ಮತ್ತು ಮರುನಿರೂಪಣೆ

2012ರ ಚಿತ್ರವು ಕಟ್ಟುನಿಟ್ಟಿನ ಅರ್ಥದಲ್ಲಿ 1961ರ ಚಿತ್ರದ ರೀಮೇಕ್ ಅಲ್ಲ. ರೀಮೇಕ್ ಎಂದರೆ ಒಂದು ಚಿತ್ರದ ಕಥೆ-ಚಿತ್ರಕಥೆಗಳನ್ನು ಆಧಾರವಾಗಿಟ್ಟುಕೊಂಡು ಮತ್ತೊಂದು ಚಿತ್ರವನ್ನು ಮಾಡುವುದು. ಇಲ್ಲಿ ಎರಡೂ ಚಿತ್ರಗಳಿಗೆ ಸಮಾನವಾದ ಆಧಾರವು ಇತಿಹಾಸ ಮತ್ತು ಜನಪದ ಕಥನ. ಹಾಗಿದ್ದರೂ ಹಳೆಯ ಚಿತ್ರವನ್ನು ಕಂಡವರು ಹೊಸದನ್ನು ನೋಡುವಾಗ ಹೋಲಿಸದೆ ಇರಲಾರರು. ಚೆನ್ನಮ್ಮ, ಥ್ಯಾಕರೆ, ಮುತ್ತಿಗೆ, ಒಳಗಿನವರ ಮೋಸ ಇವೆಲ್ಲವೂ ಎರಡನೆಯ ಸಲ ತೆರೆಗೆ ಬಂದಾಗ ಮೊದಲನೆಯ ಬಿಂಬವು ಮನಸ್ಸಿನಲ್ಲಿ ಎದುರು ನಿಲ್ಲುತ್ತದೆ.

ಕಲ್ಪಿತ ಕಥೆಯ ರೀಮೇಕಿಗೂ ಇಂಥ ಮರುನಿರೂಪಣೆಗೂ ಮುಖ್ಯವಾದ ವ್ಯತ್ಯಾಸವೊಂದಿದೆ. 1978ರ ಹಿಂದಿ ಚಿತ್ರ ‘ಡಾನ್’ ಅನ್ನು 2006ರಲ್ಲಿ ಮತ್ತೆ ಮಾಡಿದಾಗ ಕಥೆಯ ಕೊನೆಯನ್ನೇ ತಿರುಗಿಸಲಾಯಿತು. ಹಳೆಯ ಚಿತ್ರದಲ್ಲಿ ಡಾನ್ ಸತ್ತು ಅವನ ರೂಪದ ಒಳ್ಳೆಯವನು ಉಳಿದರೆ, ಹೊಸ ಚಿತ್ರದಲ್ಲಿ ಉಳಿದವನು ಡಾನ್‌ನೇ ಎಂದು ತಿಳಿಯುತ್ತದೆ. ಹಳೆಯದನ್ನು ಕಂಡವರಿಗೆ ಅದೇ ಹೊಸತನವಾಯಿತು. 1990ರ ‘ಅಗ್ನಿಪಥ್’ ಚಿತ್ರವನ್ನು 2012ರಲ್ಲಿ, ಅಂದರೆ ರಾಯಣ್ಣನ ಚಿತ್ರ ಬಂದ ವರ್ಷವೇ, ಮತ್ತೆ ಮಾಡಿದಾಗಲೂ ಪಾತ್ರಗಳನ್ನು ಕೂಡಿಸುವ, ಕಳೆಯುವ ಸ್ವಾತಂತ್ರ್ಯ ನಿರ್ದೇಶಕರಿಗಿತ್ತು. ಕಿತ್ತೂರಿನ ಕಥೆಗೆ ಈ ಸ್ವಾತಂತ್ರ್ಯವಿಲ್ಲ. ರಾಯಣ್ಣನನ್ನು ನಂದಗಡದಲ್ಲಿ ಬದುಕಿಸಿ ಕಳುಹಿಸಲು ಯಾವ ನಿರ್ದೇಶಕನಿಗೂ ಸಾಧ್ಯವಿಲ್ಲ. ಆದುದರಿಂದ ಹೊಸತನವನ್ನು ಕಥೆಯ ತಿರುವಿನಲ್ಲಿ ತರಲಾಗದೆ, ಯಾರನ್ನು ನಡುವೆ ನಿಲ್ಲಿಸಿದರು, ಏನನ್ನು ಕಾರಣವೆಂದು ತೋರಿಸಿದರು, ಯಾವ ಮಾತಿನಲ್ಲಿ ಹೇಳಿದರು ಎಂಬುದರಲ್ಲಿಯೇ ತರಬೇಕಾಗುತ್ತದೆ. ಪ್ರೇಕ್ಷಕರ ಅಭಿಪ್ರಾಯಗಳೂ ಈ ಮೂರು ಪ್ರಶ್ನೆಗಳ ಸುತ್ತಲೇ ಕೂಡಿಕೊಂಡಿವೆ.

ಪ್ರೇಕ್ಷಕರ ಅಭಿಪ್ರಾಯದ ಮುಖ್ಯ ಅಂಶಗಳು

ರಾಣಿ ಮತ್ತು ಬಂಟ

1961ರ ಚಿತ್ರದ ಕೇಂದ್ರ ಅರಮನೆ. ದೇಸಾಯಿ ಮನೆತನದ ಸಂಸಾರ, ಸವತಿಯರ ಸಂಬಂಧ, ಮಗನ ಮರಣ, ದತ್ತಕ ಇವುಗಳ ನಡುವಿನಿಂದ ರಾಣಿಯು ಯುದ್ಧಕ್ಕೆ ಬರುತ್ತಾಳೆ. 2012ರ ಚಿತ್ರದ ಕೇಂದ್ರ ಹಳ್ಳಿ. ಸಂಗೊಳ್ಳಿಯ ಸಾಮಾನ್ಯ ಕುರುಬ ಮನೆತನದಲ್ಲಿ ಹುಟ್ಟಿದವನು ಬಂಡಾಯದ ನಾಯಕನಾಗುವುದೇ ಅದರ ಕಥೆ. ಹೊಸ ಚಿತ್ರವನ್ನು ಮೆಚ್ಚುವವರ ಮೊದಲ ಕಾರಣವೂ ಇದೇ. ಪಠ್ಯಪುಸ್ತಕಗಳಲ್ಲಿ ರಾಣಿಯ ಅಧ್ಯಾಯದ ಕೊನೆಯ ಕೆಲವು ಸಾಲುಗಳಲ್ಲಿ ಮುಗಿಯುತ್ತಿದ್ದ ರಾಯಣ್ಣನಿಗೆ ಪೂರ್ಣ ಚಿತ್ರವೇ ದೊರೆಯಿತು ಎಂದು ಅವರು ಹೇಳುತ್ತಾರೆ. ಸಂಸ್ಥಾನ ಬಿದ್ದ ಮೇಲೂ ಹೋರಾಟ ಮುಗಿಯಲಿಲ್ಲ, ಅದು ಊರೂರಿನ ರೈತರ ಮತ್ತು ವಾಲೀಕಾರರ ಕೈಗೆ ಬಂದಿತೆಂಬ ಸತ್ಯವನ್ನು ಹೊಸ ಚಿತ್ರ ಮುಂದಕ್ಕೆ ತಂದಿತು.

ಇದಕ್ಕೆ ಎದುರಾದ ಅಭಿಪ್ರಾಯವೂ ಇದೆ. ತಾರಾನಟನನ್ನು ಕೇಂದ್ರದಲ್ಲಿಟ್ಟ ಸಾಹಸ ಚಿತ್ರದಲ್ಲಿ ಉಳಿದವರು ಹಿನ್ನೆಲೆಗೆ ಸರಿಯುತ್ತಾರೆ. ರಾಯಣ್ಣನ ಬಂಡಾಯವು ಒಬ್ಬನ ತೋಳ್ಬಲದ ಕಥೆಯಾಗಿರಲಿಲ್ಲ. ಚೆನ್ನಬಸವ, ಸಿದ್ದಿ ಸಮುದಾಯದ ಗಜವೀರ ಮುಂತಾದವರು ಜೊತೆಗಿದ್ದರು. ಹಳ್ಳಿಗಳು ಅವರಿಗೆ ಅನ್ನವಿಕ್ಕಿ ಆಶ್ರಯ ಕೊಟ್ಟವು. ಅಡವಿಯಲ್ಲಿ ಅಡಗಿ ಇದ್ದಕ್ಕಿದ್ದಂತೆ ಎರಗುವ ಯುದ್ಧಕ್ಕೆ ಇಂಥ ಊರುಗಳ ಬೆಂಬಲವೇ ಬೆನ್ನೆಲುಬು. ಒಬ್ಬನೇ ಹತ್ತಾರು ಮಂದಿಯನ್ನು ಕೆಡಹುವ ದೃಶ್ಯಗಳಿಗೆ ಶಿಳ್ಳೆ ಬೀಳುತ್ತದೆಯಾದರೂ, ಈ ಬೆನ್ನೆಲುಬು ಅಲ್ಲಿ ಮರೆಯಾಗುತ್ತದೆ ಎಂಬುದು ಈ ಪಕ್ಷದವರ ವಾದ.

ಕಪ್ಪವೋ, ದತ್ತಕವೋ

ಎರಡನೆಯ ಚರ್ಚೆ ಯುದ್ಧದ ಕಾರಣವನ್ನು ಕುರಿತದ್ದು. 1961ರ ಚಿತ್ರದ ಪ್ರಭಾವದಿಂದ ‘ಕಪ್ಪ ಕೊಡದ ರಾಣಿ’ ಎಂಬ ಕಲ್ಪನೆ ನಾಡಿನ ಮನಸ್ಸಿನಲ್ಲಿ ಬೇರೂರಿದೆ. ಆದರೆ ಕಿತ್ತೂರು ಸಂಸ್ಥಾನವು 1818ರಿಂದ ಕಂಪನಿಗೆ ವಾರ್ಷಿಕ ಕಾಣಿಕೆಯನ್ನು ಕೊಡುತ್ತಿತ್ತು. 1824ರ ಜಗಳದ ಮೂಲವು ದತ್ತಕದ ನಿರಾಕರಣೆ. ಮಕ್ಕಳಿಲ್ಲದೆ ದೊರೆ ಸತ್ತರೆ ಆ ಸಂಸ್ಥಾನವು ಕಂಪನಿಗೇ ಸೇರಬೇಕೆಂಬ ನೀತಿಯು ಮುಂದೆ ಡಾಲ್‌ಹೌಸಿಯ ಕಾಲದಲ್ಲಿ (1848–1856) ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿತು. ಅದೇ ತರ್ಕವನ್ನು ಕಿತ್ತೂರು ಅದಕ್ಕೆ ಕಾಲು ಶತಮಾನ ಮೊದಲೇ ಎದುರಿಸಿ ಕತ್ತಿಯಿಂದ ಉತ್ತರ ಕೊಟ್ಟಿತ್ತು. ಕಿತ್ತೂರಿನ ನಿಜವಾದ ಹಿರಿಮೆ ಇಲ್ಲಿದೆ ಎಂದು ಇತಿಹಾಸವನ್ನು ಬಲ್ಲ ಪ್ರೇಕ್ಷಕರು ಹೇಳುತ್ತಾರೆ.

ದತ್ತಕದ ಹಕ್ಕು ಎಂಬುದು ಸಭೆಯಲ್ಲಿ ವಾದಿಸುವ ಸಂಗತಿ. ಕಪ್ಪವೆಂಬುದು ಒಂದೇ ಮಾತಿನಲ್ಲಿ ಎದೆಗೆ ತಟ್ಟುವ ಸಂಗತಿ. ಚಿತ್ರಮಂದಿರದಲ್ಲಿ ಎರಡನೆಯದು ಗೆದ್ದಿತು. ಹೀಗಾದುದನ್ನು ತಪ್ಪೆಂದು ತಳ್ಳಿಹಾಕದೆ ಸಮರ್ಥಿಸುವವರೂ ಇದ್ದಾರೆ. ಹಳ್ಳಿಯ ರೈತನಿಗೆ ಕಂಪನಿ ಸರ್ಕಾರ ಕಂಡದ್ದು ತೀರುವೆಯ ರೂಪದಲ್ಲಿಯೇ. ರಾಯಣ್ಣನ ಮನೆತನದ ಮಾನ್ಯದ ಹೊಲದ ಮೇಲೆ ಕರ ಬಿದ್ದುದು, ಕರದ ನೆಪದಲ್ಲಿ ಅವನ ತಾಯಿಗೆ ಊರಿನ ಕುಲಕರ್ಣಿಯಿಂದ ಅವಮಾನವಾದುದು ಜನಪದ ಕಥನದ ಮುಖ್ಯ ಪ್ರಸಂಗ. ರಾಣಿಗೆ ದತ್ತಕವು ಕಾರಣವಾದರೆ ಬಂಟನಿಗೆ ಹೊಲವು ಕಾರಣ. ಎರಡೂ ಚಿತ್ರಗಳನ್ನು ಒಟ್ಟಿಗೆ ನೋಡಿದವರಿಗೆ ಈ ಎರಡು ಕಾರಣಗಳೂ ಕಾಣುತ್ತವೆ. ಒಂದನ್ನೇ ನೋಡಿದವರಿಗೆ ಅರ್ಧವಷ್ಟೇ ದಕ್ಕುತ್ತದೆ.

ಭಾಷೆ

ಮದರಾಸಿನ ಸ್ಟುಡಿಯೋಗಳ ಕಾಲದ 1961ರ ಚಿತ್ರದಲ್ಲಿ ರಾಣಿಯಿಂದ ಸೇವಕರವರೆಗೆ ಎಲ್ಲರೂ ಬಹುಮಟ್ಟಿಗೆ ಗ್ರಾಂಥಿಕ ಕನ್ನಡವನ್ನು ಆಡುತ್ತಾರೆ. ಅಂದಿನ ಪ್ರೇಕ್ಷಕರಿಗೆ ಇದು ವಿಚಿತ್ರವೆನಿಸಲಿಲ್ಲ. ಕಂಪನಿ ನಾಟಕಗಳಲ್ಲಿ ರಾಜರ ಮಾತು ಹಾಗೆಯೇ ಇರುತ್ತಿತ್ತು, ಏರುದನಿಯ ಸಂಭಾಷಣೆಗೆ ಜನರ ಕಿವಿ ಪಳಗಿತ್ತು. 2012ರ ಹೊತ್ತಿಗೆ ಪ್ರೇಕ್ಷಕರ ನಿರೀಕ್ಷೆ ಬದಲಾಗಿತ್ತು. ಸಂಗೊಳ್ಳಿಯ ಹುಡುಗನು ಸಂಗೊಳ್ಳಿಯವನಂತೆ ಮಾತನಾಡಬೇಕು ಎಂಬ ಅಪೇಕ್ಷೆ ಈ ಸೀಮೆಯಲ್ಲಿ ಬಲವಾಗಿದೆ. ಇಲ್ಲಿ ತಾಯಿ ‘ಅವ್ವ’. ರಾಯಣ್ಣನ ತಾಯಿಯನ್ನು ಜನರು ಕೆಂಚವ್ವ ಎಂದೇ ಕರೆಯುತ್ತಾರೆ. ಚಿತ್ರದ ಪಾತ್ರವರ್ಗದಲ್ಲಿ ಆಕೆಯು ಕೆಂಚಮ್ಮ. ಒಂದು ಅಕ್ಷರದ ವ್ಯತ್ಯಾಸವೆಂದು ತೋರಿದರೂ, ತಮ್ಮ ಸೀಮೆಯ ಮಾತು ತೆರೆಯ ಮೇಲೆ ಹಾಸ್ಯಪಾತ್ರಗಳಿಗೇ ಮೀಸಲಾಗಿ ಉಳಿದುದನ್ನು ಬಹುಕಾಲ ಕಂಡ ಉತ್ತರ ಕರ್ನಾಟಕದವರಿಗೆ ಅದು ಸಣ್ಣ ಸಂಗತಿಯಲ್ಲ. ವೀರನ ಬಾಯಲ್ಲಿ ಆ ಮಾತು ಇನ್ನೂ ಹೆಚ್ಚು ಬರಬೇಕಿತ್ತು ಎಂಬ ಕೊರಗನ್ನು ಹೊಸ ಚಿತ್ರವನ್ನು ಮೆಚ್ಚಿದವರೂ ವ್ಯಕ್ತಪಡಿಸುತ್ತಾರೆ.

ಸಾಹಸ, ಹಾಡು ಮತ್ತು ಅಭಿನಯ

ಯುದ್ಧದೃಶ್ಯಗಳ ವಿಸ್ತಾರದಲ್ಲಿ ಹೊಸ ಚಿತ್ರದ ಮೇಲುಗೈಯನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಕುದುರೆ, ತೋಪು, ಜನಸಮೂಹಗಳನ್ನು ತೋರಿಸುವಲ್ಲಿ 1961ರ ಚಿತ್ರಕ್ಕೆ ಇದ್ದ ಇತಿಮಿತಿಗಳು 2012ರಲ್ಲಿರಲಿಲ್ಲ. ದರ್ಶನ್ ಅವರ ಮೈಕಟ್ಟು ಮತ್ತು ನಿಲುವು ರಾಯಣ್ಣನಿಗೆ ಒಪ್ಪುತ್ತವೆ ಎಂಬ ಮೆಚ್ಚುಗೆ ವ್ಯಾಪಕವಾಗಿತ್ತು. ಗರಡಿಮನೆಗಳ ಸಂಪ್ರದಾಯವುಳ್ಳ ಈ ಭಾಗದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ರಾಯಣ್ಣನು ಸಾಮು ಮಾಡಲು ಬಳಸಿದನೆಂದು ಹೇಳುವ ಮರದ ಭಾರವನ್ನು ಸಂಗೊಳ್ಳಿಯಲ್ಲಿ ಇಂದಿಗೂ ತೋರಿಸುತ್ತಾರೆ. ತಾಯಿಯ ಪಾತ್ರದಲ್ಲಿ ಉಮಾಶ್ರೀಯವರ ಅಭಿನಯವೂ ಪ್ರಶಂಸೆಯನ್ನು ಪಡೆಯಿತು.

ಚೆನ್ನಮ್ಮನ ಪಾತ್ರದ ವಿಷಯದಲ್ಲಿ ಮಾತ್ರ ಹೋಲಿಕೆ ಕಠಿಣವಾಯಿತು. ಜಯಪ್ರದಾ ಅವರು ಪಾತ್ರಕ್ಕೆ ಗಾಂಭೀರ್ಯವನ್ನು ತಂದರೆಂದು ಮೆಚ್ಚಿದವರು ಹಲವರು. ಆದರೂ ಹಿರಿಯ ಪ್ರೇಕ್ಷಕರ ಮನಸ್ಸಿನಲ್ಲಿ ಚೆನ್ನಮ್ಮನ ಮುಖವೆಂದರೆ ಸರೋಜಾದೇವಿಯವರದೇ. ಚಿತ್ರದ ಉದ್ದ ಹೆಚ್ಚಾಯಿತು, ಪ್ರಣಯಗೀತೆಗಳು ಕಥೆಯ ಓಟಕ್ಕೆ ತಡೆಯಾದವು ಎಂಬ ಆಕ್ಷೇಪಗಳೂ ಕೇಳಿಬಂದವು. ಹಾಡನ್ನು ಸಮರ್ಥಿಸುವವರು ಗೀಗೀ ಮೇಳವನ್ನು ಉದಾಹರಿಸುತ್ತಾರೆ: ರಾಯಣ್ಣನ ಕಥೆ ಹುಟ್ಟಿದ್ದೇ ಹಾಡಾಗಿ, ಆದುದರಿಂದ ಹಾಡು ಅದಕ್ಕೆ ಹೊರಗಿನದಲ್ಲ. ಇದಕ್ಕೆ ಉತ್ತರವಾಗಿ, ಲಾವಣಿಯ ಹಾಡು ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ, ಚಿತ್ರದ ಹಾಡು ಕಥೆಯನ್ನು ನಿಲ್ಲಿಸುತ್ತದೆ ಎನ್ನುವವರೂ ಇದ್ದಾರೆ.

ಸ್ಥಳ

ಕಿತ್ತೂರಿನ ಕೋಟೆ ಮತ್ತು ಅರಮನೆ ಪಾಳುಬಿದ್ದಿವೆ. ಮುರಿದ ಗೋಡೆಗಳು, ಸ್ನಾನದ ತೊಟ್ಟಿಗಳು, ಧ್ರುವನಕ್ಷತ್ರವನ್ನು ನೋಡುತ್ತಿದ್ದ ಕಿಂಡಿ ಇವು ಉಳಿದಿವೆ. ಆದುದರಿಂದ ಅರಮನೆಯ ವೈಭವವನ್ನು ತೋರಿಸಬೇಕಾದ ಯಾವ ಚಿತ್ರವೂ ಬೇರೆಡೆಯ ಕಟ್ಟಡವನ್ನೋ ಸೆಟ್ಟನ್ನೋ ಅವಲಂಬಿಸಬೇಕಾಗುತ್ತದೆ. ದೂರದ ಊರುಗಳ ಪ್ರೇಕ್ಷಕರಿಗೆ ಇದು ತೊಡಕಲ್ಲ. ಆದರೆ ಮಲಪ್ರಭೆಯ ದಂಡೆಯ ಊರುಗಳವರಿಗೆ, ಖಾನಾಪುರದ ಮಲೆಯ ಅಂಚ���ನಿಂದ ಬೈಲಹೊಂಗಲದ ಎರೆ ಹೊಲಗಳನ್ನು ದಾಟಿ ಸವದತ್ತಿಯ ನವಿಲುತೀರ್ಥದ ಕಣಿವೆಯವರೆಗಿನ ನೆಲವು ಪರಿಚಿತ. ಈ ನೆಲದ ಬಣ್ಣ, ಗಿಡಮರ, ಹಳ್ಳಗಳು ತೆರೆಯ ಮೇಲೆ ಬೇರೆಯಾಗಿ ಕಂಡರೆ ಅವರಿಗೆ ತಕ್ಷಣ ತಿಳಿಯುತ್ತದೆ. ಇತಿಹಾಸದ ಚಿತ್ರಕ್ಕೆ ಅರಮನೆಗಿಂತ ಅಡವಿ ಮತ್ತು ಹೊಲಗಳ ನಿಜತನ ಮುಖ್ಯ ಎಂಬ ಅಭಿಪ್ರಾಯ ಇಲ್ಲಿಂದ ಹುಟ್ಟುತ್ತದೆ.

ಗಲ್ಲಿನ ದೃಶ್ಯ

ಸಾಹಸ ಚಿತ್ರದ ರೂಢಿಯಂತೆ ನಾಯಕನು ಕೊನೆಗೆ ಗೆಲ್ಲಬೇಕು. ರಾಯಣ್ಣನ ಕಥೆಯಲ್ಲಿ ಅವನು ಸಾಯುತ್ತಾನೆ. ಅದೂ ರಣಭೂಮಿಯಲ್ಲಿ ಅಲ್ಲ, ಹಿಡಿದುಕೊಟ್ಟವರ ಕಣ್ಣೆದುರಿಗೆ. ಮೋಸ ಮಾಡಿದವರು ಹೊರಗಿನವರಲ್ಲ ಎಂಬುದು ಈ ಕಥೆಯ ಅತ್ಯಂತ ನೋವಿನ ಭಾಗ. ಕಿತ್ತೂರಿನ ಯುದ್ಧದ ಕಥೆಯಲ್ಲಿಯೂ ಒಳಗಿನವರು ತೋಪಿನ ಮದ್ದನ್ನು ಕೆಡಿಸಿದರೆಂಬ ಜನಪದ ನಂಬಿಕೆಯಿದೆ. ಎರಡೂ ಚಿತ್ರಗಳಲ್ಲಿ ಪ್ರೇಕ್ಷಕರ ಸಿಟ್ಟು ಆಂಗ್ಲರಿಗಿಂತಲೂ ಹೆಚ್ಚಾಗಿ ಈ ಮನೆಮುರುಕರ ಮೇಲೆ ತಿರುಗುತ್ತದೆ. ಇಂಥ ದೃಶ್ಯಗಳನ್ನು ನೋಡಿ ಒಂದು ಮನೆತನವನ್ನೋ ಊರನ್ನೋ ಇಂದಿನವರೆಗೂ ಹೊಣೆಯಾಗಿಸುವುದು ಸರಿಯಲ್ಲ ಎಂಬ ಎಚ್ಚರಿಕೆಯ ಮಾತನ್ನು ಇಲ್ಲಿ ನೆನೆಯಬೇಕು. ಇನಾಮು, ಹುದ್ದೆ, ಭಯ ಇವುಗಳಿಂದ ಸ್ಥಳೀಯರನ್ನು ಒಲಿಸಿಕೊಳ್ಳುವುದು ಕಂಪನಿಯ ಆಡಳಿತದ ಕ್ರಮವೇ ಆಗಿತ್ತು. ಚಿತ್ರವು ಅದನ್ನು ಕೆಲವು ದುಷ್ಟರ ಸ್ವಭಾವವೆಂದು ತೋರಿಸಿದಷ್ಟೂ ಆ ಕ್ರಮವು ಮರೆಗೆ ಸರಿಯುತ್ತದೆ.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿ ಆಲದ ಮರವಿದೆ. ಹರಕೆ ಹೊತ್ತು ಅಲ್ಲಿಗೆ ಬರುವವರಿಗೆ ರಾಯಣ್ಣನು ಇತಿಹಾಸಪುರುಷನಷ್ಟೇ ಅಲ್ಲ, ದೈವವೂ ಹೌದು. ಅಂಥವರಿಗೆ ಗಲ್ಲಿನ ದೃಶ್ಯವು ಚಿತ್ರದ ಸೋಲಿನ ಅಂತ್ಯವಲ್ಲ, ಪೂಜೆಯ ಆರಂಭ.

ಪ್ರಭಾವ

ಕಿತ್ತೂರಿನ ನೆನಪಿಗೆ ಸಾರ್ವಜನಿಕ ಗೌರವಗಳು ಚಿತ್ರಗಳಿಂದಷ್ಟೇ ಬಂದವಲ್ಲ. ಅಕ್ಟೋಬರ್ 23ರ ವಿಜಯದ ನೆನಪಿಗೆ ಪ್ರತಿವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ಅನಾವರಣಗೊಂಡಿತು. 2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ರಾಣಿ ಚೆನ್ನಮ್ಮನ ಹೆಸರಿಡಲಾಗಿದೆ. 2012ರ ಚಿತ್ರ ಬಂದ ಕೆಲವು ವರ್ಷಗಳಲ್ಲಿ ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದಿತು. 2021ರ ನವೆಂಬರಿನಲ್ಲಿ ಮುಂಬಯಿ ಕರ್ನಾಟಕ ಪ್ರದೇಶವನ್ನು ‘ಕಿತ್ತೂರು ಕರ್ನಾಟಕ’ ಎಂದು ಕರೆಯಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ರಾಯಣ್ಣನ ಜನ್ಮದಿನವನ್ನು ಆಗಸ್ಟ್ 15ರಂದು ಆಚರಿಸುತ್ತಾರೆ. ಅವನು ಹುತಾತ್ಮನಾದ ದಿನ ಜನವರಿ 26. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನಗಳೊಡನೆ ಇವು ಕೂಡಿಬಂದಿರುವುದನ್ನು ಈ ಭಾಗದ ಶಾಲೆಗಳಲ್ಲಿ ಮಕ್ಕಳಿಗೆ ತಪ್ಪದೆ ಹೇಳುತ್ತಾರೆ.

ಶಾಲೆಯ ಮಟ್ಟದಲ್ಲಿ ಚಿತ್ರಗಳ ಪ್ರಭಾವವು ಎರಡು ಬಗೆಯದು. ಪಠ್ಯದಲ್ಲಿ ಒಣ ಇಸವಿಗಳಾಗಿದ್ದ ಸಂಗತಿಗಳು ಮಕ್ಕಳಿಗೆ ಮುಖ, ದನಿಗಳುಳ್ಳ ವ್ಯಕ್ತಿಗಳಾಗುತ್ತವೆ. ಆದರೆ ಚಿತ್ರದ ಸಂಭಾಷಣೆಯೇ ರಾಣಿಯ ಬಾಯಿಂದ ಬಂದ ಮಾತೆಂದು, ಚಿತ್ರದ ಅರಮನೆಯೇ ಕಿತ್ತೂರಿನ ಅರಮನೆಯೆಂದು ಅವರು ನಂಬುವುದೂ ಉಂಟು. ಚಿತ್ರವನ್ನು ತೋರಿಸಿದ ಮೇಲೆ ಬೈಲಹೊಂಗಲದ ಸಮಾಧಿ, ಕಿತ್ತೂರಿನ ಕೋಟೆ ಮತ್ತು ವಸ್ತುಸಂಗ್ರಹಾಲಯ, ಸಂಗೊಳ್ಳಿ, ನಂದಗಡ ಇವುಗಳನ್ನೂ ತೋರಿಸಿದರೆ ಎರಡರ ನಡುವಿನ ಅಂತರವನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಈ ಎಲ್ಲ ಸ್ಥಳಗಳೂ ಬೆಳಗಾವಿ ಜಿಲ್ಲೆಯೊಳಗೇ ಇವೆ.

ಮೌಲ್ಯಮಾಪನ

ಒಟ್ಟಿನಲ್ಲಿ ಹಳೆಯ ಚಿತ್ರವು ಮಾತಿನಿಂದ, ಹೊಸ ಚಿತ್ರವು ದೃಶ್ಯದಿಂದ ಜನಮನದಲ್ಲಿ ನಿಂತಿವೆ. 1961ರ ಚಿತ್ರವು ರಾಣಿಯನ್ನು ಇಡೀ ಕನ್ನಡನಾಡಿನ ಆಸ್ತಿಯನ್ನಾಗಿಸಿತು. 2012ರ ಚಿತ್ರವು ಲಾವಣಿಗಳಲ್ಲಿ ಉಳಿದಿದ್ದ ಬಂಟನನ್ನು ದಕ್ಷಿಣದ ಜಿಲ್ಲೆಗಳ ಹೊಸ ತಲೆಮಾರಿಗೂ ಪರಿಚಯಿಸಿತು. ಯಾವುದು ಮೇಲು ಎಂಬ ಪ್ರಶ್ನೆಗೆ ಈ ಸೀಮೆಯ ಪ್ರೇಕ್ಷಕರ ಅಳತೆಗೋಲು ತಾರೆಯರ ಹೋಲಿಕೆಯಲ್ಲ. ರಾಣಿಯ ಹಕ್ಕು, ಬಂಟನ ಹೊಲ, ಊರಿನ ಮಾತು ಈ ಮೂರಕ್ಕೆ ಎಷ್ಟು ನ್ಯಾಯ ದೊರೆಯಿತೆಂಬುದೇ ಅವರ ಪರೀಕ್ಷೆ. ಎರಡು ಚಿತ್ರಗಳೂ ಆ ಪರೀಕ್ಷೆಯಲ್ಲಿ ಅರ್ಧರ್ಧ ತೇರ್ಗಡೆಯಾಗಿವೆ. ಲಾವಣಿ, ಬಯಲಾಟ, ನಾಟಕ, ಸಿನೆಮಾ ಎಂದು ಸಾಗಿಬಂದಿರುವ ಈ ಕಥೆಯ ಮುಂದಿನ ನಿರೂಪಣೆಗೆ ಉಳಿದರ್ಧವು ಬಾಕಿಯಿದೆ.

ಇವನ್ನೂ ನೋಡಿ

- ಕಿತ್ತೂರು ರಾಣಿ ಚೆನ್ನಮ್ಮ
- ಸಂಗೊಳ್ಳಿ ರಾಯಣ್ಣ
- ಬಿ. ಆರ್. ಪಂತುಲು
- ಬಿ. ಸರೋಜಾದೇವಿ
- ಗೀಗೀ ಪದ
- ಸಂಗ್ಯಾ ಬಾಳ್ಯಾ
- ಬೈಲಹೊಂಗಲ
- ನವಿಲುತೀರ್ಥ